ಬದುಕಿದವರನ್ನು ಹುಡುಕುತ್ತಿದ್ದ ಶೋಭಕ್ಕ

ಯಾರನ್ನು ಕಂಡರೂ ಶೋಭಕ್ಕನ ಕಣ್ಣು ಮೊದಲು ಬಾಯಿಗೆ ಹೋಗುತ್ತಿತ್ತು. ನಿಪ್ಪಾಣಿಯ ನನ್ನ ಅಂಗಡಿಗೆ ಹಳೆಯ ಸ್ಕೂಟರ್ ಕೊಳ್ಳಲು ಬಂದವರು ಬೆಲೆ ಕೇಳುವ ಮೊದಲೇ, "ಸಾವಕಾರ್ರ, ಮೂರು ಬೆರಳು ನೆಟ್ಟಗ ಬಾಯಾಗ ಹೋಗ್ತಾವೇನ್ರಿ? ತೋರಸ್ರಿ," ಎಂದರು. ಎರಡೇ ಹೋದವು. "ಗುಟ್ಕಾ ಬಿಡ್ರಿ. ಇಲ್ಲಾಂದ್ರ ನಾ ನಿಮ್ಮ ಮನೀಗೂ ಬರಬೇಕಾಗ್ತೈತಿ." ನಾನು ಬೆವರುತ್ತಿರುವಾಗಲೇ ಸ್ಕೂಟರಿನ ಬೆಲೆಯನ್ನೂ ಇಳಿಸಿಕೊಂಡರು. ಹೆದರಿಸಿ ಚೌಕಾಸಿ ಮಾಡುವ ಈ ವಿದ್ಯೆ ನನಗೂ ಗೊತ್ತಿರಲಿಲ್ಲ. ಗುಟ್ಕಾ ಬಿಟ್ಟೆ.

ನಮ್ಮ ಸುತ್ತಿನ ತಾಲ್ಲೂಕುಗಳಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ಬಂದವರೆಲ್ಲ ಮುಂದೆ ಏನಾದರು, ಉಣ್ಣುತ್ತಾರೋ, ಮಾತಾಡುತ್ತಾರೋ ಎಂದು ಮನೆಮನೆಗೆ ಹೋಗಿ ತಿಳಿದುಕೊಳ್ಳುವ ಸಂಶೋಧನೆಯ ಕೆಲಸ ಅವರದು. "ಸತ್ತವರ ಸುದ್ದಿ ತಾನ ಬರ್ತೈತ್ರಿ. ಬದುಕಿದವರದ್ದು ನಾವ ಹೋಗಿ ತರಬೇಕು," ಎನ್ನುತ್ತಿದ್ದರು.

ಮಾತಿಗೆ ಮಾತು ಬಂದು ಅಣ್ಣನ ಸುದ್ದಿ ಹೇಳಿದೆ. ಅಂಕಲಿಯಲ್ಲಿ ಕಬ್ಬು ಬೆಳೆಯುವ ನನ್ನಣ್ಣ ಭರಮಣ್ಣ, ಮಿರಜದಲ್ಲಿ ನಾಲಿಗೆಯ ಒಂದು ಭಾಗ ತೆಗೆಸಿಕೊಂಡು ಬಂದಿದ್ದ. ಆ ಊರಿನವರೆಂದರೆ ಬೇಗ ನೋಡುತ್ತಾರೆಂದು ಆಸ್ಪತ್ರೆಯಲ್ಲಿ, ಮಿರಜದಲ್ಲೇ ಇದ್ದ ತಂಗಿಯ ಮನೆಯ ವಿಳಾಸ, ಅವಳ ಗಂಡನ ನಂಬರ್ ಬರೆಸಿದ್ದ. ನಮ್ಮ ಕಡೆ ಎಲ್ಲರೂ ಮಾಡುವುದೇ ಹಾಗೆ. ಆಮೇಲೆ ತಂಗಿ ಬಾಡಿಗೆ ಮನೆ ಬದಲಿಸಿದಳು, ನಂಬರೂ ಬದಲಾಯಿತು. ತಪಾಸಣೆಗೆ ಬನ್ನಿ ಎಂಬ ಕರೆ ಅಣ್ಣನಿಗೆ ಮುಟ್ಟಲೇ ಇಲ್ಲ. ಕರೆಯಲಿಲ್ಲವೆಂದರೆ ವಾಸಿಯಾಗಿದೆ ಎಂದು ಅವನು ತಿಳಿದ. ನಿಮ್ಮಲ್ಲಿ ಯಾರಿಗಾದರೂ ಇಂಥ ಪ್ರಸಂಗ ಬಂದರೆ, ದಯವಿಟ್ಟು ನಿಮ್ಮದೇ ವಿಳಾಸ ಬರೆಸಿ.

ಮರುದಿನವೇ ಶೋಭಕ್ಕ ನನ್ನೊಡನೆ ಅಂಕಲಿಗೆ ಬಂದರು. "ಹ್ಯಾಂಗದೀರಿ?" ಎಂದು ಅಣ್ಣನನ್ನು ಕೇಳಿದರೆ ಅವನ ಹೆಂಡತಿ, ನಮ್ಮ ವೈನಿ, "ಆರಾಮ ಅದಾರ್ರಿ, ಎಲ್ಲಾ ಉಣ್ತಾರ," ಎಂದಳು.

"ನಿಮ್ಮನ್ನ ಕೇಳಿಲ್ಲ ಅಕ್ಕಾರ. ಇವರನ್ನ ಕೇಳಾಕತ್ತೀನಿ."

ಅಣ್ಣನ ತೊದಲು ಮಾತಿಗೆ ಕಾಯುವ ರೂಢಿ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಶೋಭಕ್ಕ ಸ್ಟೂಲು ಹತ್ತಿರ ಎಳೆದುಕೊಂಡು ಕೂತರು. ಒಂದೊಂದೇ ಅಕ್ಷರ ಹೊರಬಂತು: "ನುಂಗಾಕ ಆಗವಲ್ದು."

"ನನಗ್ಯಾಕ ಹೇಳಲಿಲ್ರಿ?" ವೈನಿ ಅತ್ತಳು.

"ನೀ ಕೇಳಲಿಲ್ಲ," ಎಂದ ಅಣ್ಣ.

ಬಾಯಿ ತೆರೆಸಿ ನೋಡಿದರೆ ನಾಲಿಗೆಯ ಅಂಚಿಗೆ ಹೊಸ ಹುಣ್ಣು. "ನಾಳೆನ ಮಿರಜಕ್ಕ ನಡೀರಿ," ಎಂದರು ಶೋಭಕ್ಕ. ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗ್ ಬಂದಿದೆಯೆಂದು ಅಣ್ಣ ಕೈಸನ್ನೆ ಮಾಡಿದ.

"ಕಬ್ಬು ಅವರು ಕಡೀತಾರ. ಈ ಹುಣ್ಣು ಕಡ್ಯಾವ್ರು ಅಲ್ಲಿ ಅದಾರ. ಸುಮ್ನ ನಡೀರಿ!"

ಮತ್ತೊಮ್ಮೆ ಆಪರೇಷನ್ ಆಯಿತು. ಅಣ್ಣ ಉಳಿದ. ಮಾತು ಇನ್ನಷ್ಟು ತೊಡಕಾಯಿತು, ಆದರೂ ಶೋಭಕ್ಕ ಪ್ರತಿ ವರ್ಷ ಬಂದು ಅವನನ್ನೇ ಕೇಳಿ ಹೋಗುತ್ತಿದ್ದರು. ಆಮೇಲೆ ಕೆಲಸದ ಕರಾರು ಮುಗಿದು ಅವರು ಅಥಣಿಯ ಕಡೆ ಹೋದರಂತೆ.

ಈ ವರ್ಷ ನಾನು ಅಂಕಲಿಯಲ್ಲಿದ್ದಾಗ ಆ ಸಂಶೋಧನೆಯವರಿಂದ ಬರೀ ಫೋನ್ ಬಂತು. ಅಣ್ಣ ಎತ್ತಿ ತನ್ನ ಹೆಸರು ಹೇಳಿದ. ಆ ಕಡೆಯ ಹುಡುಗಿ, "ತಿಳೀವಲ್ದ್ರಿ, ಬ್ಯಾರೆ ಯಾರರ ಇದ್ರ ಕೊಡ್ರಿ," ಎಂದಳು. ಅಣ್ಣ ಫೋನನ್ನು ನನ್ನತ್ತ ಚಾಚಿ ಮುಖ ತಿರುಗಿಸಿದ. ಜೀವಂತ ಇದ್ದಾನೆ ಎಂದು ನಾನು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು.

"ಅವಸರ ಮಾಡಬ್ಯಾಡವಾ ತಂಗಿ, ಅವನ ಹೇಳ್ತಾನ," ಎಂದು ಫೋನನ್ನು ಮತ್ತೆ ಅಣ್ಣನ ಕೈಗಿಟ್ಟೆ.