ಆರ್ಕಿಡ್ ಕುಂಡಕ್ಕೆ ಬಿದ್ದ ಪಂಚಾಮೃತ

ಆರ್ಕಿಡ್ ಎಲೆಯ ಬುಡದಲ್ಲಿ ಕಪ್ಪು ಮಚ್ಚೆ ಕಂಡ ದಿನವೇ ನರ್ಸರಿಗೆ ಹೋಗಿದ್ದೆ. ಅಂಗಡಿಯವನು ನನ್ನ ಫೋನಿನಲ್ಲಿದ್ದ ಫೋಟೋ ದೊಡ್ಡದು ಮಾಡಿ ನೋಡಿದ.

"ಇದು ಫಂಗಸ್ಸು ಮೇಡಂ. ಆ ಬಿಳೀದು ಹತ್ತಿ ಥರ ಇದೆಯಲ್ಲ, ಅದು ಹಿಟ್ಟು ತಿಗಣೆ. ಎರಡಕ್ಕೂ ಬೇರೆ ಬೇರೆ ಬಾಟ್ಲು. ಇಲ್ಲಾಂದ್ರೆ ಬಿಸಾಕಿ, ಹೊಸದು ತಗೊಳ್ಳಿ."

ಗಿಡಕ್ಕಿಂತ ಅದರ ಔಷಧಿಯೇ ದುಬಾರಿ. ಬರಿಗೈಯಲ್ಲಿ ತ್ಯಾಗರಾಜನಗರದ ಮನೆಗೆ ನಡೆದುಕೊಂಡೇ ವಾಪಸು ಬಂದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಏನಂದ?"

"ಬಿಸಾಕಿ ಅಂದ."

"ನಾನೂ ಅದನ್ನೇ ಬಡ್ಕೊಂಡಿದ್ದು. ಶುಕ್ರವಾರದೊಳಗೆ ಆಚೆ ಹಾಕು. ತುಳಸಿಗೆ ಹತ್ಕೊಂಡ್ರೆ ನಾನು ಸುಮ್ನಿರಲ್ಲ."

"ಹಾಕಲ್ಲ ಅತ್ತೆ."

ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿದೆ. ಅವರಿಗೆ ಅಷ್ಟು ಚಿಕ್ಕ ಉತ್ತರ ಕೊಟ್ಟದ್ದು ಅದೇ ಮೊದಲು.

ನಮ್ಮ ಮನೆಯ ಗಿಡಗಳೆಲ್ಲ ದೇವರಿಗೆ ಮೀಸಲು. ದಾಸವಾಳ, ನಂದಬಟ್ಟಲು, ಮೂಲೆಯ ಬಿಲ್ವದ ಸಸಿ, ಎಲ್ಲವೂ. ಆರ್ಕಿಡ್ ಒಂದನ್ನೇ ನಾನು ನನಗೋಸ್ಕರ ತಂದದ್ದು. ಅಡಿಗೆಮನೆ ಕಿಟಕಿಯಲ್ಲಿ ಅದರ ನೇರಳೆ ಹೂ ಎರಡು ತಿಂಗಳು ಬಾಡದೆ ನಿಂತಿತ್ತು. ಪಾತ್ರೆ ತೊಳೆಯುತ್ತಾ ತಲೆಯೆತ್ತಿದರೆ ಅದೇ ಕಾಣುತ್ತಿತ್ತು. ಅಷ್ಟು ಸಂತೋಷ ನನ್ನೊಬ್ಬಳಿಗೇ ಸಿಕ್ಕಿತಲ್ಲ ಎಂದು ಒಳಗೇ ಅಳುಕು. ಅದಕ್ಕೇ ಸೋಮವಾರ ಶಿವನಿಗೆ ಪಂಚಾಮೃತದ ಅಭಿಷೇಕವಾದ ಮೇಲೆ ಆ ನೀರನ್ನು ಅದಕ್ಕೂ ಒಂದು ಲೋಟ ಹಾಕತೊಡಗಿದೆ. ಅಭಿಷೇಕದ ನೀರು ಮೋರಿಗೆ ಹೋಗಬಾರದು, ಯಾರ ಕಾಲಿಗೂ ಸಿಗಬಾರದು. ಗಿಡದ ಬುಡಕ್ಕೆ ಸುರಿಯುವುದು ನಮ್ಮ ಪದ್ಧತಿ.

ಅವತ್ತು ಮಧ್ಯಾಹ್ನ ಕುಂಡವನ್ನು ಕೆಳಗಿಳಿಸಲು ಹೋದರೆ ಕಿಟಕಿಯ ಕಂಬಿಯಿಂದ ಇರುವೆಗಳ ಸಾಲು ಅದರೊಳಗೆ ಇಳಿಯುತ್ತಿತ್ತು. ಕುಂಡದ ಇದ್ದಿಲು ಮೂಸಿದೆ. ಹಳಸಿದ ಹಾಲಿನ ವಾಸನೆ. ಆರ್ಕಿಡ್‌ಗೆ ಮಣ್ಣಿಲ್ಲ, ಇದ್ದಿಲು, ತೊಗಟೆಯ ಚೂರುಗಳ ಮಧ್ಯೆ ಅದರ ಬೇರು ಗಾಳಿಯಾಡಿಸಿಕೊಂಡು ಬದುಕುತ್ತದೆ. ಅಂಥ ಬೇರಿಗೆ ನಾನು ವಾರವಾರವೂ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಬಳಿದಿದ್ದೆ. ಸಿಹಿಗೆ ಇರುವೆ ಬಂತು, ಇರುವೆಯ ಬೆನ್ನಿಗೆ ತಿಗಣೆ, ಹಳಸಿದ ಹಾಲಿಗೆ ಬೂಷ್ಟು.

ಅತ್ತೆಗೆ ತೋರಿಸಿದೆ.

"ತೀರ್ಥದಿಂದ ಗಿಡ ಸಾಯುತ್ತಾ? ಮೊದ್ಲು ಹೋಗಿ ಬಾಯಿ ತೊಳ್ಕೋ."

"ಸಕ್ಕರೆಯಿಂದ ಸಾಯ್ತಿದೆ ಅತ್ತೆ."

"ಐವತ್ತು ವರ್ಷದಿಂದ ಹಾಕ್ತಿದೀನಿ. ದಾಸವಾಳಕ್ಕೆ ಏನಾಗಿದೆ?"

"ಅದು ನೆಲದಲ್ಲಿದೆ, ಮಣ್ಣು ನುಂಗ್ಕೊಳ್ಳತ್ತೆ. ಇದಕ್ಕೆ ಮಣ್ಣೆಲ್ಲಿದೆ?"

"ಮಣ್ಣಿಲ್ದಿರೋ ಗಿಡನ ಮನೆಗೆ ತಂದೋರ್ಯಾರು?"

ನಾನು ಕತ್ತರಿ ಕೈಗೆತ್ತಿಕೊಂಡೆ. ಗ್ಯಾಸಿನ ಉರಿಯಲ್ಲಿ ಅದರ ಬಾಯಿ ಕಾಯಿಸಿ, ಆರಿದ ಮೇಲೆ, ಮಚ್ಚೆ ಬಿದ್ದ ಎಲೆಗಳನ್ನು ಹಸಿರು ಭಾಗ ಸ್ವಲ್ಪ ಸೇರಿಸಿಯೇ ಕತ್ತರಿಸಿದೆ. ಮೆತ್ತಗಾದ ಬೇರು ತೆಗೆದೆ, ಗಟ್ಟಿಯಾದದ್ದು ಬಿಟ್ಟೆ. ಎಲೆಯ ಗಾಯಕ್ಕೆ ಪಲಾವಿಗೆ ಹಾಕುವ ಚಕ್ಕೆಯನ್ನೇ ಪುಡಿ ಮಾಡಿ ಒತ್ತಿದೆ. ಬೇರಿಗೆ ಸೋಕಿಸಲಿಲ್ಲ, ಚಕ್ಕೆ ಬೇರನ್ನು ಒಣಗಿಸುತ್ತದೆ. ತಿಗಣೆಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದಾಗಿ ಒರೆಸಿದೆ. ಹಳೆಯದೆಲ್ಲ ಚೆಲ್ಲಿ, ಹೊಸ ಇದ್ದಿಲಿಗೆ ಬೀದಿ ತುದಿಯ ಇಸ್ತ್ರಿ ಗಾಡಿಯವರ ಮುಂದೆ ಚೀಲ ಒಡ್ಡಿದೆ.

"ಏನಕ್ಕಾ, ಮನೇಲೇ ಇಸ್ತ್ರಿ ಅಂಗಡಿ ಇಡ್ತಿದೀರಾ? ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ," ಎಂದು ನಗುತ್ತಾ ಎರಡು ಬೊಗಸೆ ಹಾಕಿದರು. ಅದೂ ದೇವರೇ ಕೊಡಿಸಿದ್ದು ಎಂದುಕೊಂಡೆ.

ಆ ಇದ್ದಿಲಿನಲ್ಲಿ ಗಿಡವನ್ನು ಮತ್ತೆ ಕೂರಿಸಿದೆ. ಬಿಸಿಲು ಇಳಿದ ಮೇಲೆ, ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನ ಎಣ್ಣೆ, ಎಣ್ಣೆ ನೀರಲ್ಲಿ ಬೆರೆಯಲೆಂದು ಸ್ವಲ್ಪ ಅಂಟುವಾಳದ ನೊರೆ ಹಾಕಿ ಕಲಕಿ, ಎಲೆಯ ಹಿಂಭಾಗಕ್ಕೂ ಸಿಂಪಡಿಸಿದೆ. ಇರುವೆ ಹತ್ತದಂತೆ, ನೀರು ತುಂಬಿದ ತಟ್ಟೆಯ ನಡುವೆ ಬಟ್ಟಲು ಬೋರಲು ಹಾಕಿ ಅದರ ಮೇಲೆ ಕುಂಡ ಇಟ್ಟೆ. ಮನೆಯೆಲ್ಲ ಬೇವಿನ ಘಾಟು.

"ಅಡಿಗೆಮನೇನೋ ಆಸ್ಪತ್ರೆನೋ?" ಎಂದು ಅತ್ತೆ ಮೂಗು ಮುಚ್ಚಿಕೊಂಡರು.

ಶುಕ್ರವಾರ ಬಂತು, ಹೋಯಿತು. ಕುಂಡ ಕಿಟಕಿಯಲ್ಲೇ ಇತ್ತು. ಸೋಮವಾರ ಅಭಿಷೇಕ ಮುಗಿದದ್ದೇ ಅತ್ತೆ ಚೊಂಬು ಹಿಡಿದು ನೇರ ಕಿಟಕಿಗೆ ಬಂದರು. ನಾನು ಒದ್ದೆ ಅಂಗೈಯನ್ನೇ ಕುಂಡದ ಮೇಲೆ ಅಡ್ಡ ಇಟ್ಟೆ.

"ಕೈ ತೆಗಿ."

"ತೆಗಿಯಲ್ಲ."

"ದೇವರ ನೀರನ್ನೇ ಬೇಡ ಅಂತೀಯಲ್ಲೇ!"

"ನನಗೆ ಹಾಕಿ ಅತ್ತೆ, ತಲೆ ಮೇಲೆ ಸುರೀರಿ. ಇದಕ್ಕೆ ಬೇಡ."

ಚೊಂಬು ವಾಲಿ ನನ್ನ ಮುಂಗೈ ಮೇಲೆ ನಾಲ್ಕು ಹನಿ ಬಿದ್ದವು. ಇನ್ನೊಂದು ಕೈಯಿಂದ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಡ್ಡ ಇಟ್ಟ ಕೈ ಮಾತ್ರ ಅಲ್ಲಾಡಿಸಲಿಲ್ಲ. ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಏನೋ ಗೊಣಗುತ್ತಾ, ಗೋಡೆ ಹಿಡಿದುಕೊಂಡು ಹೊರಗಿನ ಎರಡು ಮೆಟ್ಟಿಲಿಳಿದು ದಾಸವಾಳದ ಬುಡಕ್ಕೆ ಸುರಿದರು.

ವಾರಕ್ಕೊಮ್ಮೆಯಂತೆ ನಾಲ್ಕು ಸಲ ಬೇವಿನ ನೀರು ಹೊಡೆದೆ. ಐದನೆಯ ವಾರ ಹುಡುಕಿದರೂ ಒಂದು ತಿಗಣೆ ಸಿಗಲಿಲ್ಲ. ಆರು ಎಲೆಯಲ್ಲಿ ಮೂರು ಉಳಿದಿವೆ. ಒಂದು ಬೇರಿನ ತುದಿ ಹಸಿರಾಗಿದೆ. ಹೂ ಬಿಡುತ್ತದೋ ಇಲ್ಲವೋ ಗೊತ್ತಿಲ್ಲ. ಬಂದವರು "ಇದೇನ್ರೀ, ಹೀಗೆ ಬೋಳು ಬೋಳಾಗಿರೋದನ್ನ ಇಟ್ಕೊಂಡಿದೀರಾ?" ಎಂದು ಕೇಳುತ್ತಾರೆ. ಬದುಕಿದೆ, ಅದಕ್ಕೇ ಇಟ್ಟುಕೊಂಡಿದ್ದೇನೆ ಎನ್ನುತ್ತೇನೆ.