ಕನ್ನಡಕದ ದೊಡ್ಡಪ್ಪನ ಹದಿನಾಲ್ಕು ದಿನ

ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಇವರು ಮನೆಯಲ್ಲಿ ಒಬ್ಬಂಟಿ, ಬೀದಿಗೆಲ್ಲ ದೊಡ್ಡಪ್ಪ. ವರ್ಷಕ್ಕೆ ಹದಿನಾಲ್ಕು ದಿನ ರಜೆ. ರಜೆ ಶುರುವಾದ ಬೆಳಿಗ್ಗೆ ಇಸ್ತ್ರಿ ಶರ್ಟು ತೊಟ್ಟು, ಪ್ರವಾಸದ ಕಚೇರಿ ಬಾಗಿಲು ತೆಗೆಯುವ ಮೊದಲೇ ಅದರ ಮೆಟ್ಟಿಲ ಮೇಲೆ ಹಾಜರು. "ಒಬ್ಬರಿಗೆ" ಎಂದು ಬೆರಳೆತ್ತಿ ತೋರಿಸಿಯೇ ಕುರ್ಚಿ ಎಳೆದುಕೊಳ್ಳುವುದು. ಗುಮಾಸ್ತೆ ಸಮುದ್ರದ ಚಿತ್ರ ಮುಂದಿಟ್ಟರೆ ಎಡಗಣ್ಣು ಮುಚ್ಚಿ ನೋಡುತ್ತಾರೆ, ಬೆಟ್ಟದ್ದಿಟ್ಟರೆ ಬಲಗಣ್ಣು; ಆಮೇಲೆ ಅಂಗಡಿಯಲ್ಲಿ ಗಾಜು ಬದಲಿಸಿ ಕೇಳುವ ದನಿಯಲ್ಲೇ, "ಇದು ಚೆನ್ನಾಗಿದೆಯೋ, ಮೊದಲಿನದೋ?" ಎಂದು ಅವಳನ್ನೇ ಕೇಳುತ್ತಾರೆ. ಸಮುದ್ರ ಎಂದಳೋ, "ನಾನು ನೀರಿಗಿಳಿದ್ರೆ ಪ್ಯಾಂಟು ಕಾಯೋರ್ಯಾರಮ್ಮ?" ಬೆಟ್ಟ ಎಂದಳೋ, "ತುದಿಗೆ ಹೋಗಿ 'ಅಬ್ಬಾ, ಎಷ್ಟು ಚೆನ್ನಾಗಿದೆ' ಅಂತ ಯಾರಿಗೆ ಹೇಳ್ಲಿ? ಒಬ್ಬನೇ ಮಾತಾಡಿದ್ರೆ ಹುಚ್ಚ ಅಂತಾರೆ." ಹೋಟೆಲ್ ಕೋಣೆಯಲ್ಲಿ ಎರಡು ಮಂಚವಿದ್ದರೆ, ಇನ್ನೊಂದಕ್ಕೆ ಬೇಜಾರಾಗಬಾರದೆಂದು ಸರದಿಯ ಮೇಲೆ ಮಲಗಬೇಕಾಗುತ್ತದೆ ಎಂಬ ತಕರಾರು ಬೇರೆ. ಇಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಅವಳು ತನ್ನ ಡಬ್ಬಿಯ ಮುಚ್ಚಳಕ್ಕೆ ಅರ್ಧ ಬಡಿಸಿ ಅವರತ್ತ ತಳ್ಳುತ್ತಾಳೆ. ಅವರು ಜೇಬಿನಿಂದ ಪುಟಾಣಿ ಸ್ಕ್ರೂಡ್ರೈವರ್ ತೆಗೆದು ಅವಳ ಕನ್ನಡಕದ ಸಡಿಲ ಕಾಲನ್ನು ಬಿಗಿ ಮಾಡಿ ಕೊಡುತ್ತಾರೆ. ಹೀಗೆ ಹದಿಮೂರು ದಿನವೂ ಬಂದು ಬಿಗಿ ಮಾಡಿದರೂ ಆ ಕಾಲು ಮರುದಿನಕ್ಕೆ ಅದು ಹೇಗೋ ಸಡಿಲವಾಗಿಯೇ ಬಂದಿರುತ್ತದೆ. ಈ ವರ್ಷ ಹದಿನಾಲ್ಕನೆಯ ಸಂಜೆ, ಚಿತ್ರಗಳನ್ನೆಲ್ಲ ಮತ್ತೆ ಜೋಡಿಸಿಡುತ್ತಾ ಅವಳು ಕೇಳಿಯೇಬಿಟ್ಟಳು: "ಅಲ್ಲಾ ಸಾರ್, ಹೋದ್ ವರ್ಷ ಕೊನೆಗೂ ಎಲ್ಲಿಗೆ ಹೋದ್ರಿ?" ದೊಡ್ಡಪ್ಪನ ಮುಖ ಚಿಕ್ಕದಾಯಿತು. "ಇದೇನಮ್ಮ ಹೀಗೆ ಕೇಳ್ತೀಯ?" ಎಂದರು. "ದಿನಾ ಇಲ್ಲಿಗೇ ಬಂದಿದ್ನಲ್ಲ!"