ಶೆಟ್ಟಿಕೆರೆಯಾಚೆ ಕಾಡುದಾರಿಯಲ್ಲಿ ಸೈಕಲ್ ಸವಾರಿ

ಆಮೇಲಿನ ರಿಪೇರಿ ಬಿಟ್ಟರೆ ಈ ಪ್ರವಾಸಕ್ಕೆ ನನಗೆ ತಗುಲಿದ್ದು ಮೂರೂವರೆ ರೂಪಾಯಿ: ಸೈಕಲ್ ಬಾಡಿಗೆ ಎರಡೂವರೆ, ಇಡ್ಲಿ ಕಾಫಿಗೆ ಒಂದು. ಬಾಡಿಗೆಯವನು ಮೂರು ಕೇಳಿದ್ದ. ಬೆಲ್ ಇಲ್ಲವೆಂದು ಎಂಟಾಣೆ ಇಳಿಸಿದೆ. ಶೆಟ್ಟಿಕೆರೆಯಾಚೆಯ ಗುಡ್ಡವನ್ನು ಬಸ್ಸಿನ ಕಿಟಕಿಯಿಂದ ನೋಡಿ ನೋಡಿ ಸಾಕಾಗಿತ್ತು. ಒಮ್ಮೆ ಅದರೊಳಗೇ ಸೈಕಲ್ ಹೊಡೆಯಬೇಕೆಂಬ ಆಸೆ, ಅಷ್ಟೇ. ತುರ್ತುಪರಿಸ್ಥಿತಿ ಮುಗಿದ ಮರುವರ್ಷದ ಮಾತು. ಬೇಸಿಗೆ ಆಗಷ್ಟೇ ಶುರುವಾಗಿತ್ತು.

ತಿಪಟೂರಿನಿಂದ ಬೆಳಿಗ್ಗೆ ಹೊರಟೆವು. ಜೊತೆಗೆ ಬಿಳಿಗೆರೆಯ ಗೆಳೆಯ ರುದ್ರಪ್ಪ, ಕೊಬ್ಬರಿ ವ್ಯಾಪಾರಿ; ಅವನದು ಸ್ವಂತ ಸೈಕಲ್. ಶೆಟ್ಟಿಕೆರೆಯವರೆಗೂ ತೆಂಗಿನ ನೆರಳು ಸಿಕ್ಕಿತು. ಅಲ್ಲಿ ಹೋಟೆಲಿನವನು ತಟ್ಟೆ ಇಡುತ್ತ, "ಕಾಡುದಾರೀಲಾ? ಮರಿ ಹಾಕಿರೋ ಕರಡಿ ಓಡಾಡ್ತೈತೆ ಕಣ್ರೀ," ಎಂದ. ವಾಪಸು ಹೋಗೋಣ ಎನ್ನಲು ಇಬ್ಬರಿಗೂ ನಾಚಿಕೆ.

ತೋಟಗಳು ಮುಗಿದು ಕಗ್ಗಲಿಯ ಮುಳ್ಳುಮರ, ಲಂಟಾನದ ಪೊದೆಗಳ ನಡುವೆ ಕಾಲುದಾರಿ ಏರತೊಡಗಿತು. ನಡುವಿನ ಸಣ್ಣ ಇಳಿತಗಳಲ್ಲಿ ಬ್ರೇಕ್ ಹಿಡಿದಾಗಲೆಲ್ಲ ನನ್ನ ಸೈಕಲ್ ಕಿರ್ರೆಂದು ಕೂಗುತ್ತಿತ್ತು.

"ಕರಡೀನ ಊಟಕ್ಕೆ ಕರೀತಿದ್ದೀಯೇನ್ಲಾ?" ಎಂದ ರುದ್ರಪ್ಪ.

ನಮ್ಮ ಸೀಮೆಯಲ್ಲಿ ಮಂಡಿನೋವಿಗೂ ಬಾಗಿಲ ತಿರುಗಣೆಗೂ ಒಂದೇ ಔಷಧ. ಅವನು ಚೀಲದಿಂದ ಕೊಬ್ಬರಿಎಣ್ಣೆಯ ಸೀಸೆ ತೆಗೆದು ನನ್ನ ಎರಡೂ ಬ್ರೇಕಿನ ರಬ್ಬರಿಗೆ ಸುರಿದ. ಸದ್ದು ಅಡಗಿತು. "ಜಾಣ ಕಣಪ್ಪ ನೀನು," ಎಂದೆ.

ಗುಡ್ಡದ ನೆತ್ತಿ ದಾಟಿದ ಮೇಲೆ ಇಳಿಜಾರು. ಬ್ರೇಕ್ ಒತ್ತಿದೆ, ಬೆಣ್ಣೆ ಹಿಸುಕಿದಂತಾಯಿತು. ಗಾಲಿ ನಿಲ್ಲಲೊಲ್ಲದು. ಎಡಕ್ಕೆ ಕೊರಕಲು, ಎದುರಿಗೆ ತಿರುವು, ತಿರುವಿನಲ್ಲಿ ಕರ್ರಗಿನದೇನೋ ಅಲುಗಿತು.

"ಬುಡು ಸೈಕಲ್ನ, ಬಲಕ್ಕೆ ಬೀಳ್ಲಾ," ಎಂದು ಹಿಂದಿನಿಂದ ರುದ್ರಪ್ಪ ಅರಚಿದ. ಪೊದೆಗೆ ಬಿದ್ದೆ. ಸೈಕಲ್ ಮುಂದೆ ಓಡಿ, ಬಂಡೆಗೆ ಬಡಿದು, ಕೊರಕಲಿಗೆ ಉರುಳಿತು. ಆ ತಗಡಿನ ಸದ್ದಿಗೆ ಕರ್ರಗಿನದು ಎದ್ದು ನಿಂತಿತು. ಕರಡಿಯೇ. ಒಂದು ಗಳಿಗೆ ನಮ್ಮ ಕಡೆ ಮೂಸಿ, ಮರಿಯನ್ನು ಬೆನ್ನಿಗೇರಿಸಿಕೊಂಡು ಗುಡ್ಡದ ಮೇಲಕ್ಕೆ ಓಡಿತು.

ರುದ್ರಪ್ಪ ತನ್ನ ಸೈಕಲ್ ಕೆಡವಿ, ತೆವಳುತ್ತ ನನ್ನ ಪಕ್ಕ ಬಂದು ಮಲಗಿದ.

"ಹೋಯ್ತಾ?"

"ಹೋಯ್ತು."

"ಎದ್ದು ನೋಡಿ ಹೇಳ್ಲಾ."

"ನೀನೇ ಎದ್ದು ನೋಡು."

ಬಹಳ ಹೊತ್ತು ಇಬ್ಬರೂ ಏಳಲಿಲ್ಲ. ಆಮೇಲೆ ಸೊಟ್ಟಗಾದ ನನ್ನ ಸೈಕಲನ್ನು ಮೇಲಕ್ಕೆಳೆದು, ಚಿಕ್ಕನಾಯಕನಹಳ್ಳಿಯವರೆಗೂ ನಡೆದೇ ಇಳಿದೆವು.

ನೀವೂ ಹೋಗುವುದಾದರೆ ಹೋಗಿ, ಜಾಗ ಚೆನ್ನಾಗಿದೆ. ಎಣ್ಣೆ ಚೈನಿಗೆ ಮಾತ್ರ ಹಾಕಿ. ಬ್ರೇಕನ್ನು ಮಟ್ಟಸ ನೆಲದಲ್ಲೇ ಒತ್ತಿ ನೋಡಿ. ತಿರುವಿನಾಚೆ ಕಾಣದಿದ್ದರೆ ಇಳಿದು ತಳ್ಳಿ. ಮುಖ್ಯವಾಗಿ, ಕಾಡಿನಲ್ಲಿ ಸುಮ್ಮನಿರಬೇಡಿ. ಎದುರಾಗುವ ಪ್ರಾಣಿಗೆ ನೀವು ಬರುವುದು ಮೊದಲೇ ತಿಳಿಯಲಿ. ಹಾಡಲು ಬಾರದಿದ್ದರೆ ಜೊತೆಗಾರನನ್ನು ಬೈಯುತ್ತ ಹೋಗಿ. ಊರಿನ ದೀಪ ಕಾಣುವವರೆಗೂ ನಾನು ರುದ್ರಪ್ಪನನ್ನು ಬೈದೆ. ಉಸಿರು ಕಟ್ಟಿ ನಿಂತಾಗಲೆಲ್ಲ ಅವನೇ, "ನಿಲ್ಲಿಸಬ್ಯಾಡ ಕಣ್ಲಾ, ಬೈಯಿ," ಎನ್ನುತ್ತಿದ್ದ.